ನೋಡುವವರಿಲ್ಲದ ಪರದೆ

ಬರಿದಾದ ಕೋಣೆಯ ದೀಪವನ್ನು ಆರಿಸದೆ ಹೊರಟವನನ್ನು ಮನೆಯ ಹಿರಿಯರು ಗದರಿಸದೆ ಬಿಡುವುದಿಲ್ಲ. ಕಲಬುರಗಿಯ ನಮ್ಮ ಕಾಲೇಜಿನ ಗಣಕಯಂತ್ರದ ಕೊಠಡಿಯಲ್ಲಾದರೋ ಊಟದ ವಿರಾಮದಲ್ಲಿಯೂ ಪರದೆಗಳು ಉರಿಯುತ್ತಲೇ ಇರುತ್ತವೆ, ಗದರಿಸುವವರಿಲ್ಲ. ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ಪರದೆ ತಾನಾಗಿ ಆರುವಂತೆ ಪ್ರತಿಯೊಂದು ಯಂತ್ರದಲ್ಲಿಯೂ ಗೊತ್ತುಪಡಿಸಬೇಕೆಂಬುದು ನನ್ನ ಮತ.

ಇದಕ್ಕೆ ಖರ್ಚೇನೂ ಇಲ್ಲ. ಅಂಜಿಕೆಯೊಂದೇ ಅಡ್ಡಿ. ಕಮಲಾಪುರದಿಂದ ಬಸ್ಸಿನಲ್ಲಿ ಬಂದು ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿರುವ ಗೆಳೆಯನಿಗೆ, ಪರದೆ ಕಪ್ಪಾದೊಡನೆ ಬರೆದುದೆಲ್ಲ ಹೋಯಿತೆಂದು ಎದೆ ಧಸಕ್ಕೆನ್ನುತ್ತದೆ. ಪರದೆ ಆರಿದರೂ ಯಂತ್ರ ಎಚ್ಚರವಾಗಿಯೇ ಇರುತ್ತದೆ. ಮೌಸ್ ಅಲುಗಿಸಿದರೆ ಅರ್ಜಿ ಇದ್ದಲ್ಲಿಯೇ ಕಾಣುತ್ತದೆ. (ಹೊತ್ತು ಮೀರಿತೆಂದು ಜಾಲತಾಣವೇ ಹೊರಗೆ ಹಾಕಿದರೆ ಅದು ಬೇರೆ ಮಾತು.)

ಚಲಿಸುವ ಚಿತ್ರಗಳ ಸ್ಕ್ರೀನ್ ಸೇವರ್ ಸಾಲದೇ ಎಂದು ಕೆಲವರು ಕೇಳುತ್ತಾರೆ. ಹಿಂದಿನ ಗಾಜಿನ ಕೊಳವೆಯ ಪರದೆಗಳಲ್ಲಿ ಒಂದೇ ಚಿತ್ರ ಬಹಳ ಹೊತ್ತು ನಿಂತರೆ ಕಲೆ ಉಳಿಯುತ್ತಿತ್ತು. ಅದನ್ನು ತಪ್ಪಿಸಲು ಹುಟ್ಟಿದ ಉಪಾಯವದು. ವಿದ್ಯುತ್ತನ್ನು ಅದು ಉಳಿಸುವುದಿಲ್ಲ.

ಪರದೆಯೊಂದಕ್ಕೆ 20 ವ್ಯಾಟ್ ಎಂದು ಹಿಡಿದು, 40 ಪರದೆಗಳು ದಿನಕ್ಕೆ 5 ತಾಸು ಸುಮ್ಮನೆ ಉರಿದರೆ 4 ಯೂನಿಟ್ಟು ವ್ಯರ್ಥ. ಅದು ನೇರವಾಗಿ ಕಮಲಾಪುರದ ಕೆಂಪು ಬಾಳೆಯ ತೋಟಕ್ಕೆ ಹರಿಯುವುದೆಂದು ನಾನು ವಾದಿಸಲಾರೆ. ಆದರೂ ಪಂಪಿಗೆ ತ್ರೀಫೇಸ್ ಬರುವ ಹೊತ್ತನ್ನು ರಾತ್ರಿ ಕಾಯುವ ರೈತನ ಮಗನಿಗೆ ಈ ಲೆಕ್ಕ ಚಿಕ್ಕದೆನಿಸದು.

ಗೋಡೆಯ ಮೇಲೆ ಪಾಠ ತೋರಿಸುವ ಯಂತ್ರಕ್ಕೆ ಮಾತ್ರ ಈ ನಿಯಮ ಬೇಡ. ಒಂದೇ ಚಿತ್ರವನ್ನು ಅಧ್ಯಾಪಕರು ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ವಿವರಿಸುವುದುಂಟು.