ಕೊಂಡ ಆಟ ಕೈಬಿಟ್ಟು ಹೋಗದಿರಲಿ

ಮುಂದೆ ಬರುವ ವಿಡಿಯೊ ಗೇಮ್‌ಗಳಲ್ಲಿ ಏನೇನಿರಬೇಕು? ಗೆಳೆಯರ ಗುಂಪಿನಲ್ಲಿ ಈ ಪ್ರಶ್ನೆ ಕೇಳಿ ನೋಡಿ, ಉತ್ತರಗಳ ಸುರಿಮಳೆಯಾಗುತ್ತದೆ. ಒಬ್ಬನಿಗೆ ಸಿನಿಮಾದಂಥ ಗ್ರಾಫಿಕ್ಸ್ ಬೇಕು. ಇನ್ನೊಬ್ಬಳಿಗೆ ನಾವಾಡಿದ ಮಾತಿಗೆ ತಕ್ಕಂತೆ ಉತ್ತರಿಸುವ ಎಐ ಪಾತ್ರಗಳು ಬೇಕು. ಮತ್ತೊಬ್ಬನಿಗೆ ಕನ್ನಡದಲ್ಲೇ ಡೈಲಾಗ್ ಹೊಡೆಯುವ ಹೀರೊ ಬೇಕು. ಎಲ್ಲವೂ ಬರಲಿ. ಆದರೆ ನನ್ನ ಪಟ್ಟಿಯ ಮೊದಲ ಸಾಲು ಬೇರೆ: ಕಂಪನಿ ತನ್ನ ಸರ್ವರ್ ಮುಚ್ಚಿದ ಮೇಲೂ ನಾವು ದುಡ್ಡು ಕೊಟ್ಟು ಕೊಂಡ ಆಟ ನಡೆಯಬೇಕು.

ಯಾಕೆ ಅಂತೀರಾ? ಯೂಬಿಸಾಫ್ಟ್ ಕಂಪನಿ 2014ರಲ್ಲಿ 'ದಿ ಕ್ರೂ' ಎಂಬ ಕಾರ್ ರೇಸಿಂಗ್ ಆಟ ಬಿಡುಗಡೆ ಮಾಡಿತು. ಒಬ್ಬರೇ ಕುಳಿತು ಆಡಿದರೂ ಅದಕ್ಕೆ ಕಂಪನಿಯ ಸರ್ವರ್ ಸಂಪರ್ಕ ಬೇಕೇ ಬೇಕಿತ್ತು. 2024ರ ಮಾರ್ಚ್ 31ರಂದು ಆ ಸರ್ವರ್ ಬಂದ್ ಆಯಿತು. ಡಿಸ್ಕ್ ಕೊಂಡವರ ಕೈಯಲ್ಲಿ ಡಿಸ್ಕ್ ಉಳಿಯಿತು, ಆಟ ಹೋಯಿತು! ಇದರಿಂದ ಸಿಟ್ಟಿಗೆದ್ದ ಆಟಗಾರರು ಅದೇ ವರ್ಷ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಅಭಿಯಾನ ಶುರು ಮಾಡಿದರು. ಯುರೋಪಿಯನ್ ಒಕ್ಕೂಟದ ಮುಂದಿಟ್ಟ ಮನವಿಗೆ 10 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು.

ಇದು ಯುರೋಪಿನವರ ತಲೆನೋವು ಮಾತ್ರ ಅಲ್ಲ. ದೊಡ್ಡ ಆಟವೊಂದಕ್ಕೆ ಇಂದು ಮೂರು–ನಾಲ್ಕು ಸಾವಿರ ರೂಪಾಯಿ ಬೆಲೆ. ಎಷ್ಟೋ ಹಾಸ್ಟೆಲ್‌ಗಳಲ್ಲಿ ಅದು ಒಂದು ತಿಂಗಳ ಮೆಸ್ ಬಿಲ್. ಪಾಕೆಟ್ ಮನಿ ಕೂಡಿಟ್ಟು ಕೊಂಡ ವಸ್ತುವಿಗೆ ಎಷ್ಟು ದಿನದ ಆಯಸ್ಸು ಎಂದು ತಿಳಿಯುವ ಹಕ್ಕು ನಮಗಿಲ್ಲವೇ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಕಾನೂನೊಂದು ಜಾರಿಯಲ್ಲಿದೆ. ಸಿಗುತ್ತಿರುವುದು ಬಳಕೆಯ ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸದೆ ಅಲ್ಲಿನ ಡಿಜಿಟಲ್ ಅಂಗಡಿಗಳು 'ಖರೀದಿಸಿ' ಎಂಬ ಪದ ಬಳಸುವಂತಿಲ್ಲ. ನಮ್ಮಲ್ಲೂ ಅಷ್ಟಾದರೂ ಬರಲಿ.

ಇಷ್ಟಕ್ಕೂ ನಾನು ಕೇಳುತ್ತಿರುವುದು ಹೊಸ ತಂತ್ರಜ್ಞಾನವನ್ನೇನಲ್ಲ. ನಾವು ಹುಟ್ಟುವ ಮೊದಲೇ ಬಂದ 'ಕೌಂಟರ್ ಸ್ಟ್ರೈಕ್', 'ಏಜ್ ಆಫ್ ಎಂಪೈರ್ಸ್ 2' ಇಂದಿಗೂ ಹಾಸ್ಟೆಲ್ ರೂಮುಗಳಲ್ಲಿ ಓಡುತ್ತಿವೆ. ಆಡುವವರ ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ಸರ್ವರ್ ಆಗುತ್ತದೆ, ಉಳಿದವು ಲ್ಯಾನ್‌ನಲ್ಲಿ ಅದಕ್ಕೆ ಸೇರಿಕೊಳ್ಳುತ್ತವೆ. 'ಮಿನಿ ಮಿಲಿಷಿಯಾ'ವನ್ನು ಡೇಟಾ ಇಲ್ಲದೆ ಬರೀ ಹಾಟ್‌ಸ್ಪಾಟ್‌ನಲ್ಲಿ ಆಡಿದ ಪೀಳಿಗೆ ನಮ್ಮದು. ಹೊಸ ಆಟಗಳಲ್ಲಿ ಹಲವು ಲಾಗಿನ್‌ನಿಂದ ಹಿಡಿದು ನಾವು ಗೆದ್ದ ಲೆವೆಲ್‌ವರೆಗೆ ಎಲ್ಲವನ್ನೂ ಕಂಪನಿಯ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುತ್ತವೆ. ಅದು ಆರಿದರೆ ನಮ್ಮದೂ ಆರಿದಂತೆ.

ಸರ್ವರ್ ನಡೆಸಲು ಖರ್ಚಿದೆ, ಆಡುವವರು ಕಡಿಮೆಯಾದಾಗ ಯಾರು ಭರಿಸಬೇಕು ಎಂದು ಕಂಪನಿಗಳು ಕೇಳುತ್ತವೆ. ನ್ಯಾಯವಾದ ಪ್ರಶ್ನೆಯೇ. ಆದರೆ ಸರ್ವರನ್ನು ಕೊನೆಯವರೆಗೂ ನಡೆಸಿ ಎಂದು ಯಾರೂ ಹೇಳುತ್ತಿಲ್ಲ. ಹೋಗುವಾಗ ಬೀಗದ ಕೈ ಕೊಟ್ಟು ಹೋಗಿ ಎನ್ನುತ್ತಿದ್ದೇವೆ, ಅಷ್ಟೆ. 2023ರಲ್ಲಿ 'ನಾಕೌಟ್ ಸಿಟಿ' ಆಟ ಮುಚ್ಚಿದಾಗ ಅದನ್ನು ರೂಪಿಸಿದ ವೆಲಾನ್ ಸ್ಟುಡಿಯೋಸ್, ಆಟಗಾರರೇ ತಮ್ಮ ಸರ್ವರ್‌ನಲ್ಲಿ ನಡೆಸಬಹುದಾದ ಆವೃತ್ತಿಯನ್ನು ಉಚಿತವಾಗಿ ಬಿಟ್ಟುಕೊಟ್ಟಿತು. ಟೀಕೆಗೆ ಗುರಿಯಾದ ಯೂಬಿಸಾಫ್ಟ್ ಕೂಡ 2025ರಲ್ಲಿ 'ದಿ ಕ್ರೂ 2'ಗೆ ಆಫ್‌ಲೈನ್ ಸೌಲಭ್ಯ ಕೊಟ್ಟಿತು. ಅಂದರೆ ಮನಸ್ಸಿದ್ದರೆ ಮಾರ್ಗವಿದೆ.

ಆಟ ಪೂರ್ತಿ ತಯಾರಾದ ಮೇಲೆ ಈ ಬದಲಾವಣೆ ಕಷ್ಟ ಮತ್ತು ದುಬಾರಿ. ಡಿಸೈನ್ ಹಂತದಲ್ಲೇ ಯೋಚಿಸಿದರೆ ಅಷ್ಟು ಭಾರವಾಗದು. ಈ ಪುಟ ಓದುತ್ತಿರುವ ಕೆಲವರಾದರೂ ನಾಳೆ ಗೇಮಿಂಗ್ ಕಂಪನಿಗಳಲ್ಲಿ ಕೋಡ್ ಬರೆಯುವವರು. ಮೊದಲ ಮೀಟಿಂಗ್‌ನಲ್ಲೇ ಒಂದು ಪ್ರಶ್ನೆ ಎತ್ತಿ: 'ನಮ್ಮ ಸರ್ವರ್ ನಿಂತ ಮರುದಿನ ಈ ಆಟ ಕೊಂಡವರ ಗತಿ ಏನು?' ಅದಕ್ಕೆ ಉತ್ತರವಿರುವ ಆಟಕ್ಕೆ ದುಡ್ಡು ಕೊಡಲು ನಾವಂತೂ ಸಿದ್ಧ.