ಶಾಖೆಯ ಆಯ್ಕೆಯೂ ಇಕಾಮಾದ ನೆರಳೂ

ಹನ್ನೆರಡನೆಯ ತರಗತಿಯ ಪರೀಕ್ಷೆ ಮುಗಿಯುತ್ತಿದ್ದಂತೆ ಅಬ್ಬಾಸಿಯಾದ ಹಲವು ಕನ್ನಡ ಮನೆಗಳಲ್ಲಿ ಒಂದೇ ಚರ್ಚೆ ಆರಂಭವಾಗುತ್ತದೆ. ಕಂಪ್ಯೂಟರ್ ಎಂಜಿನಿಯರಿಂಗ್ ಎಂಬುದು ಹೇಗೂ ತೀರ್ಮಾನವಾಗಿರುತ್ತದೆ. ಉಳಿಯುವ ಪ್ರಶ್ನೆ ಅದರಲ್ಲಿ ಯಾವುದು ಎಂಬುದಷ್ಟೇ. ಬರಿಯ ಕಂಪ್ಯೂಟರ್ ಸೈನ್ಸೋ, ಕೃತಕ ಬುದ್ಧಿಮತ್ತೆಯೋ, ಡೇಟಾ ಸೈನ್ಸೋ, ಸೈಬರ್ ಸೆಕ್ಯುರಿಟಿಯೋ? ಜಲೀಬ್ ಅಲ್ ಶುಯೂಖ್‌ನ ಈ ಭಾಗದಲ್ಲಿ ಭಾರತೀಯ ಶಾಲೆಗಳಿಗೆ ಕೊರತೆಯಿಲ್ಲ, ಶಾಲೆಯ ಮುಂದಿನ ದಾರಿ ಮಾತ್ರ ಇಕ್ಕಟ್ಟು. ಕುವೈತ್ ವಿಶ್ವವಿದ್ಯಾಲಯದಲ್ಲಿ ವಲಸಿಗರ ಮಕ್ಕಳಿಗಿರುವ ಅವಕಾಶ ಅತ್ಯಲ್ಪ; ಖಾಸಗಿ ವಿಶ್ವವಿದ್ಯಾಲಯಗಳ ಶುಲ್ಕ ಸಾಮಾನ್ಯ ಸಂಬಳದವರಿಗೆ ನಿಲುಕದು. ಹೀಗಾಗಿ ಇಲ್ಲೇ ಬೆಳೆದ ಮಕ್ಕಳು ಹದಿನೆಂಟರ ವಯಸ್ಸಿಗೆ ಸುರತ್ಕಲ್, ಮಣಿಪಾಲ, ಬೆಂಗಳೂರುಗಳಿಗೆ ಹೊರಡುತ್ತಾರೆ. ಕೊಲ್ಲಿ ದೇಶಗಳ ಭಾರತೀಯ ದುಡಿಮೆಗಾರರ ಮಕ್ಕಳಿಗೆಂದು ಎನ್‌ಐಟಿಗಳಲ್ಲಿ ಪ್ರತ್ಯೇಕ ಸೀಟುಗಳಿವೆ. ಅದು ಸಿಗದವರು ಖಾಸಗಿ ಕಾಲೇಜುಗಳ ಬಾಗಿಲು ತಟ್ಟುತ್ತಾರೆ.

ಈ ಚರ್ಚೆಯಲ್ಲಿ ಸಂಬಳದ ಲೆಕ್ಕವಿರುತ್ತದೆ, ನೆರೆಮನೆಯ ಹುಡುಗನ ಉದಾಹರಣೆಯಿರುತ್ತದೆ. ಇದೇ ಊರಿನ ಹಿರಿಯರು ಉಂಡ ಕಹಿಯ ನೆನಪು ಮಾತ್ರ ಇರುವುದಿಲ್ಲ.

2018ರಲ್ಲಿ ಕುವೈತ್‌ನ ಮಾನವಶಕ್ತಿ ಪ್ರಾಧಿಕಾರವು ವಿದೇಶಿ ಎಂಜಿನಿಯರುಗಳ ಇಕಾಮಾ ನವೀಕರಣಕ್ಕೆ ಕುವೈತ್ ಎಂಜಿನಿಯರುಗಳ ಸಂಘದ ನಿರಾಕ್ಷೇಪಣಾ ಪತ್ರವನ್ನು ಕಡ್ಡಾಯಗೊಳಿಸಿತು. ಭಾರತದ ಪದವಿಗಳಿಗೆ ಸಂಘವು ಹಿಡಿದ ಅಳತೆಗೋಲು ರಾಷ್ಟ್ರೀಯ ಮಾನ್ಯತಾ ಮಂಡಳಿಯ, ಅಂದರೆ ಎನ್‌ಬಿಎಯ ಮಾನ್ಯತೆ. ಆ ಮಂಡಳಿ ಹುಟ್ಟಿದ್ದೇ 1994ರಲ್ಲಿ. ಅದಕ್ಕೂ ಮುನ್ನ ಪದವಿ ಪಡೆದು, ಈ ದೇಶದ ತೈಲ ಸ್ಥಾವರಗಳಲ್ಲಿ, ಕಟ್ಟಡಗಳಲ್ಲಿ, ಕಚೇರಿಗಳಲ್ಲಿ ಕೂದಲು ನರೆಯುವವರೆಗೆ ದುಡಿದವರು, ತಾವು ಎಂಜಿನಿಯರುಗಳೇ ಹೌದೆಂದು ಒಂದು ಪಟ್ಟಿಯ ಎದುರು ರುಜುವಾತುಪಡಿಸಬೇಕಾಯಿತು. ಅವರು ಓದುವಾಗ ಇಲ್ಲದಿದ್ದ ಮಾನ್ಯತೆಯನ್ನು ತರುವುದಾದರೂ ಎಲ್ಲಿಂದ? ಕೆಲವರು ಪದನಾಮವನ್ನು ಕೆಳಗಿಳಿಸಿಕೊಂಡು ಉಳಿದರು, ಕೆಲವರು ಗಂಟುಮೂಟೆ ಕಟ್ಟಿದರು. ದೆಹಲಿಯವರೆಗೆ ಅಹವಾಲು ಹೋಯಿತು. ದುಡಿದ ಅನುಭವಕ್ಕೆ ಬೆಲೆಯಿಲ್ಲ, ಕಾಗದಕ್ಕಿದೆ ಎಂಬ ವ್ಯವಸ್ಥೆಯ ತರ್ಕ ಮಾತ್ರ ಬದಲಾಗಲಿಲ್ಲ.

ಇಂದಿನ ವಿದ್ಯಾರ್ಥಿಗೆ ಇದರಲ್ಲಿ ನೇರವಾಗಿ ಸಂಬಂಧಿಸಿದ ಸಂಗತಿಯೊಂದಿದೆ. ಎನ್‌ಬಿಎ ಮಾನ್ಯತೆ ನೀಡುವುದು ಕಾಲೇಜಿಗಲ್ಲ, ಒಂದೊಂದು ಶಾಖೆಗೆ. ಅದೂ ನಿರ್ದಿಷ್ಟ ಅವಧಿಗೆ. ಕಾಲೇಜಿನ ಹೆಬ್ಬಾಗಿಲಿನಲ್ಲಿ ತೂಗುವ ನ್ಯಾಕ್ ಶ್ರೇಣಿಯ ಫಲಕ ಬೇರೆಯದೇ ಸಂಸ್ಥೆಯದು. ಹೆತ್ತವರು ಇವೆರಡನ್ನೂ ಒಂದೆಂದು ತಿಳಿದು ಮೋಸಹೋಗುವುದುಂಟು. ಮೇಲಾಗಿ, ಹೊಸ ಶಾಖೆಯೊಂದರಿಂದ ಕನಿಷ್ಠ ಎರಡು ತಂಡಗಳು ಪದವಿ ಪಡೆದು ಹೊರಬರುವ ತನಕ ಅದು ಮಾನ್ಯತೆಗೆ ಅರ್ಜಿಯನ್ನೂ ಹಾಕುವಂತಿಲ್ಲ. ಎಂದರೆ, ನಿನ್ನೆ ಮೊನ್ನೆ ತೆರೆದ ಆಕರ್ಷಕ ಹೆಸರಿನ ಶಾಖೆಗೆ ಸೇರುವವರು ಕುವೈತ್‌ನ ಕಣ್ಣಿನಲ್ಲಿ ಎಂಜಿನಿಯರುಗಳೇ ಆಗದಿರಬಹುದು. 2024-25ರಿಂದ ಎಐಸಿಟಿಇ ಉತ್ತಮ ಸಾಧನೆಯ ಕಾಲೇಜುಗಳಿಗೆ ಸೀಟುಗಳ ಮಿತಿಯನ್ನು ಸಡಿಲಿಸಿದ ಮೇಲಂತೂ ಕಂಪ್ಯೂಟರ್ ಶಾಖೆಗಳಿಗೆ ಸುಗ್ಗಿಯೋ ಸುಗ್ಗಿ. ಸೀಟು ಹೆಚ್ಚಿದಷ್ಟು ವೇಗದಲ್ಲಿ ಅಧ್ಯಾಪಕರು ಹೆಚ್ಚುವರೇ ಎಂದು ಕೇಳುವ ಪೋಷಕರು ವಿರಳ.

ಹಾಗಾದರೆ ಕುವೈತ್‌ನ ಪಟ್ಟಿ ನೋಡಿಕೊಂಡೇ ಶಾಖೆ ಆರಿಸಬೇಕೇ? ಅದು ಇನ್ನೊಂದು ಬಗೆಯ ದಾಸ್ಯ. ಹೆತ್ತವರ ವಾಸ್ತವ್ಯವೇ ಉದ್ಯೋಗದಾತನ ಮರ್ಜಿಯಲ್ಲಿರುವ ನೆಲ ಇದು. 2020ರ ಏಪ್ರಿಲ್‌ನಲ್ಲಿ ಜಲೀಬನ್ನು ಸುತ್ತಲಿಂದ ಮುಚ್ಚಿ ತಿಂಗಳುಗಟ್ಟಲೆ ಪ್ರತ್ಯೇಕಿಸಿದಾಗ, ಈ ನೆಲದಲ್ಲಿ ವಲಸಿಗನ ಸ್ಥಾನ ಯಾವುದೆಂಬುದು ಕಿಟಕಿಯಿಂದಲೇ ಕಾಣುತ್ತಿತ್ತು. ಅಂಥ ನೆಲಕ್ಕೆ ಮಗಳೋ ಮಗನೋ ಮರಳಲೆಂದು ಅವರ ನಾಲ್ಕು ವರ್ಷಗಳ ಓದನ್ನು ಹೊಂದಿಸುವುದು ವಿವೇಕವಲ್ಲ. ಪಟ್ಟಿಯನ್ನು ತಿಳಿದಿರಬೇಕು, ಅದಕ್ಕೆ ಶರಣಾಗಬೇಕಿಲ್ಲ.

ಹೆಚ್ಚು ಭದ್ರವಾದುದು ಅಗಲವಾದ ತಳಹದಿ. ಆಪರೇಟಿಂಗ್ ಸಿಸ್ಟಂ, ನೆಟ್‌ವರ್ಕ್, ಡೇಟಾಬೇಸ್, ಅಲ್ಗಾರಿದಂಗಳ ಜೊತೆಗೆ ಸಂಭವನೀಯತೆ ಮತ್ತು ರೇಖೀಯ ಬೀಜಗಣಿತವನ್ನು ಗಟ್ಟಿಯಾಗಿ ಕಲಿತವರು ಕೃತಕ ಬುದ್ಧಿಮತ್ತೆಯ ಕಡೆಗೂ ನಡೆಯಬಲ್ಲರು, ಚಿಪ್ ವಿನ್ಯಾಸದ ಕಡೆಗೂ ಹೊರಳಬಲ್ಲರು. ವಿಶೇಷ ವಿಷಯವನ್ನು ಮೂರನೆಯ ವರ್ಷದಲ್ಲಿ, ಕೈ ಯಾವುದಕ್ಕೆ ಒಗ್ಗುತ್ತದೆಂದು ತಿಳಿದ ಮೇಲೆ ಆರಿಸಿಕೊಂಡರೆ ತಡವೇನೂ ಆಗದು. 1996ರಲ್ಲಿ ಕನ್ನಡದ ಮೊದಲ ಅಂತರಜಾಲ ಪತ್ರಿಕೆ ‘ವಿಶ್ವಕನ್ನಡ’ವನ್ನು ತಂದ ಯು.ಬಿ. ಪವನಜ ಅವರು ಭಾಭಾ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಯಾಗಿದ್ದವರು, ಓದಿದ್ದು ರಸಾಯನಶಾಸ್ತ್ರ. ಹೆಣ್ಣುಮಕ್ಕಳ ವಿಷಯದಲ್ಲಿ ‘ಮನೆಯಿಂದಲೇ ಮಾಡಬಹುದಾದ ಕೆಲಸ’ ಎಂಬ ಒಂದೇ ಮಾನದಂಡದಿಂದ ಶಾಖೆ ನಿಶ್ಚಯಿಸುವ ರೂಢಿಯನ್ನಂತೂ ಪ್ರಗತಿಪರರೆನಿಸಿಕೊಂಡ ಮನೆಗಳೇ ಮೊದಲು ಬಿಡಬೇಕು.

ಇದೆಲ್ಲ ಕುಟುಂಬ ವೀಸಾ ಇರುವವರ ಚಿಂತೆ ಎಂಬುದೂ ನಿಜ. 2024ರಲ್ಲಿ ಅದಕ್ಕೆ ಬೇಕಾದ ಕನಿಷ್ಠ ಸಂಬಳವನ್ನು 800 ದಿನಾರಿಗೆ ಏರಿಸಲಾಯಿತು. ಅದೇ ಬೀದಿಯ ಹಂಚಿಕೊಂಡ ಕೋಣೆಗಳಲ್ಲಿ ಮಲಗುವ ಚಾಲಕರ, ಅಡುಗೆಯವರ ಮಕ್ಕಳು ಊರಿನಲ್ಲಿ ಸಿಇಟಿ ಬರೆಯುತ್ತಾರೆ. ಆಪ್ಷನ್ ಎಂಟ್ರಿಯ ದಿನ ಅಪ್ಪನಿಗೆ ವಾಟ್ಸ್ಆ್ಯಪ್ ಕರೆ ಮಾಡಿ ಯಾವ ಶಾಖೆ ಎಂದು ಕೇಳುತ್ತಾರೆ. ಉತ್ತರಿಸಬೇಕಾದ ಅಪ್ಪನಿಗೆ ಎನ್‌ಬಿಎ ಎಂದರೇನೆಂದು ಯಾರೂ ಹೇಳಿರುವುದಿಲ್ಲ.

ಕುವೈತ್‌ನ ಕನ್ನಡ, ತುಳು ಸಂಘಟನೆಗಳಿಗೆ ವೇದಿಕೆಯೂ ಇದೆ, ಜನಬಲವೂ ಇದೆ. 2018ರಲ್ಲಿ ಕಡತ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದವರಲ್ಲಿ ಕೆಲವರು ಇಂದಿಗೂ ಇಲ್ಲೇ ಇದ್ದಾರೆ. ಕೌನ್ಸೆಲಿಂಗ್ ಆರಂಭವಾಗುವ ಮುನ್ನ ಒಂದು ಶುಕ್ರವಾರ, ಹಾಡು ನೃತ್ಯಗಳ ನಡುವೆ ಅರ್ಧ ಗಂಟೆ ಬಿಡಿಸಿಕೊಂಡು ಅವರನ್ನು ಮಾತಿಗೆ ಕರೆಯಬೇಕು. ಕೋಣೆಗಳಲ್ಲಿ ಉಳಿದ ಅಪ್ಪಂದಿರಿಗೂ ಆ ಕರೆ ಮುಟ್ಟಬೇಕು.