ಆಕಳ ಸತ್ತಿದ್ದು ಮಾಟಕ್ಕಲ್ಲ, ಎಳೆ ಜೋಳಕ್ಕ

ಶಹಾಪುರ, ಸುರಪುರ ಕಡೆ ರೈತ ಬಾಂಧವರೇ, ಮೇಯಾಕ ಹೋದ ಆಕಳ ಹೊಲದಾಗ ಬಿದ್ದು ಸತ್ತರೆ 'ಮಾಟ ಮಾಡ್ಯಾರ' ಅಂತ ಬಾಜೂ ಹೊಲದವನ ಕೂಡ ಜಗಳ ತೆಗೀತೀವಿ. ನಾನೂ ತೆಗೆದಿದ್ದೆ. ತಪ್ಪು ನಂದೇ ಇತ್ತು. ಜೋಳ ಕೊಯ್ದ ಮ್ಯಾಲೆ ಮಳೆಗೆ ಕೂಳಿ ಚಿಗುರಿತ್ತು, ಹಸಿದ ದನ ಬಿಟ್ಟಿದ್ದೆ.

ಮೊಣಕಾಲೆತ್ತರದ ಎಳೆ ಜೋಳ, ಮಳೆ ಇಲ್ಲದೆ ಬಾಡಿದ ಪೈರು, ಕೂಳಿ ಚಿಗುರು, ಇವನ್ನ ದನ ಜಗಿದರೆ ಸೈನೈಡ್ ವಿಷ ಬಿಡ್ತಾವ. ಉಸಿರು ಸಿಗದೆ ಒದ್ದಾಡಿ ಬೀಳ್ತದ, ಒಮ್ಮೊಮ್ಮೆ ನಿಮಿಷದಾಗೇ ಜೀವ ಹೋಗ್ತದ.

ತಾಯತ, ಮಂತ್ರ ಅಂತ ಹೊತ್ತು ಕಳೀಬ್ಯಾಡ್ರಿ. ತಕ್ಷಣ 1962ಕ್ಕೆ ಫೋನ್ ಹಚ್ಚಿ ಡಾಕ್ಟರನ್ನ ಕರೀರಿ. ಸೋಡಿಯಂ ಥಯೋಸಲ್ಫೇಟ್ ನರಕ್ಕ ಬೇಗ ಕೊಟ್ಟರೆ ದನ ಉಳಿಯಬಹುದು. ಹೂ ಬರೋತನಕ ಹಸಿ ಜೋಳ ಮೇಯಿಸಬ್ಯಾಡ್ರಿ, ಒಣ ಕಣಿಕಿ ಹಾಕ್ರಿ.

ನನ್ನ ಆಕಳ ಹೋತು. ಬಾಜೂದವ ಇನ್ನೂ ನನ್ನ ಕೂಡ ಮಾತಾಡಂಗಿಲ್ಲ.